ಹಾಯಿದೋಣಿಯ ಡೆಕ್ಕಿಗೆ ಸೋಲಾರ್ ವೆಂಟ್: ಕೆಲವು ವರ್ಷ ಬಳಸಿದ ಮೇಲೆ

ಬೇಸಿಗೆಯಲ್ಲಿ ಕ್ಯಾಬಿನ್ ತಂಪಾಗಿರಲಿ ಅಂತ ಸೋಲಾರ್ ವೆಂಟ್ ಕೊಳ್ಳಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ತಂಪಿನ ಲೆಕ್ಕದಲ್ಲಿ ಇದಕ್ಕೆ ನಾನು ಕೊಡುವುದು ಐದಕ್ಕೆ ಒಂದು ಅಂಕ. ಹಾಗಿದ್ದೂ ಹಳೆಯದು ಕೈಕೊಟ್ಟಾಗ ಹಿಂದೆಮುಂದೆ ನೋಡದೆ ಅದೇ ಅಳತೆಯ ಇನ್ನೊಂದನ್ನು ತಂದು ಕೂರಿಸಿದ್ದೇನೆ. ಎರಡೂ ಮಾತು ನಿಜ.

ವಸ್ತು ಏನೆಂದು ಗೊತ್ತಿಲ್ಲದವರಿಗೆ: ಡೆಕ್ಕಿನಲ್ಲಿ 4 ಇಂಚಿನ ತೂತು ಕೊರೆದು ಕೂರಿಸುವ ದುಂಡನೆಯ ಫ್ಯಾನ್ ಇದು. ಮೇಲೆ ಸ್ಟೀಲ್ ಮುಚ್ಚಳ, ಮುಚ್ಚಳದ ನಡುವೆ ಸೋಲಾರ್ ಸೆಲ್, ಒಳಗೆ ಪುಟ್ಟ ಮೋಟರು, ಒಂದು ರೀಚಾರ್ಜ್ ಬ್ಯಾಟರಿ. ಹಗಲು ಬಿಸಿಲಿನಲ್ಲಿ ತಿರುಗುತ್ತಲೇ ಚಾರ್ಜ್ ಆಗುತ್ತದೆ, ರಾತ್ರಿ ಬ್ಯಾಟರಿಯಲ್ಲಿ ತಿರುಗುತ್ತದೆ. ಜೊತೆಗೆ ಎರಡು ಬ್ಲೇಡ್ ಬರುತ್ತವೆ. ಒಂದು ಗಾಳಿಯನ್ನು ಒಳಗೆ ಎಳೆಯಲು, ಇನ್ನೊಂದು ಹೊರಗೆ ತಳ್ಳಲು. ದೋಣಿಯ ವೈರಿಂಗಿಗೂ ಇದಕ್ಕೂ ಸಂಬಂಧವಿಲ್ಲ. ಬೀಗ ಹಾಕಿ ಹೋದರೂ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ.

ನನ್ನದು 30 ಅಡಿಯ ಫೈಬರ್ ದೋಣಿ. ಮುಂದೆ ಒಂದು ದೊಡ್ಡ ಹ್ಯಾಚ್ (ಡೆಕ್ಕಿನಲ್ಲಿ ಮೇಲಕ್ಕೆ ತೆರೆಯುವ ಕಿಂಡಿ), ಹಿಂದೆ ಕ್ಯಾಬಿನ್ನಿಗೆ ಇಳಿಯುವ ಬಾಗಿಲು, ಅಷ್ಟೆ.

ಈಗ ತಂಪಿನ ವಿಚಾರ. ಡಬ್ಬಿಯ ಮೇಲೆ ಗಂಟೆಗೆ 1,000 ಘನ ಅಡಿ ಗಾಳಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮೀಟರಿಗೆ ತಂದರೆ 28 ಘನ ಮೀಟರ್. ಒಳಗೆ ಹೊರಗಿಗಿಂತ 5 ಡಿಗ್ರಿ ಹೆಚ್ಚು ಸೆಕೆ ಇದೆ ಅಂದುಕೊಳ್ಳಿ. ಅಷ್ಟು ಗಾಳಿ ಹೊರಹಾಕಬಲ್ಲ ಶಾಖ ಎಲ್ಲ ಸೇರಿ 50 ವಾಟಿಗೂ ಕಡಿಮೆ. ಸುಮ್ಮನೆ ಮಲಗಿರುವ ಒಬ್ಬ ಮನುಷ್ಯನ ಮೈಯಿಂದ ಹೊಮ್ಮುವ ಶಾಖವೇ ಅದಕ್ಕಿಂತ ಜಾಸ್ತಿ. ಇನ್ನು ನಡುಮಧ್ಯಾಹ್ನದ ಬಿಸಿಲು ಡೆಕ್ಕಿನ ಒಂದೊಂದು ಚದರ ಮೀಟರಿಗೂ ಸಾವಿರ ವಾಟಿನಷ್ಟು ಸುರಿಯುತ್ತಿರುತ್ತದೆ. ಅದರ ಮುಂದೆ ಈ ಫ್ಯಾನ್ ಆನೆಯ ಬಾಯಿಗೆ ಹಾಕಿದ ಅರೆಕಾಸಿನ ಮಜ್ಜಿಗೆ.

ಅದೇ 50 ಸೆಂಟಿಮೀಟರ್ ಚೌಕದ ಹ್ಯಾಚ್ ತೆರೆದಿಡಿ. ಸೆಕೆಂಡಿಗೆ 1 ಮೀಟರ್, ಅಂದರೆ ಕೆನ್ನೆಗೆ ತಾಗಿತೋ ಇಲ್ಲವೋ ಅನ್ನುವಂಥ ಗಾಳಿ ಅದರಲ್ಲಿ ನುಗ್ಗಿದರೂ ಗಂಟೆಗೆ 900 ಘನ ಮೀಟರ್ ಆಯಿತು. ಹ್ಯಾಚಿನ ಚೌಕಟ್ಟು, ಸೊಳ್ಳೆ ಪರದೆ ಎಲ್ಲ ಸೇರಿ ಅರ್ಧ ತಿಂದುಹಾಕಿದರೂ ವೆಂಟಿನ ಹದಿನೈದು ಪಟ್ಟು ಉಳಿಯುತ್ತದೆ. ಆದ್ದರಿಂದ ದೋಣಿಯಲ್ಲಿ ಜನ ಇರುವಾಗ, ಹ್ಯಾಚ್ ತೆರೆದಿರುವಾಗ, ಈ ಯಂತ್ರ ತಿರುಗಿದರೂ ಒಂದೇ, ನಿಂತರೂ ಒಂದೇ.

ಇದರ ಕೆಲಸ ಶುರುವಾಗುವುದು ದೋಣಿಗೆ ಬೀಗ ಬಿದ್ದ ಮೇಲೆ. ಮೊದಲು, ಕೆಲವು ವಾರ ಬಿಟ್ಟು ಬಂದು ಬಾಗಿಲು ಸರಿಸಿದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಹಾಸಿಗೆಯ ತಳ ಎತ್ತಿ ನೋಡಿದರೆ ಹಲಗೆಗೆ ತಾಗಿಕೊಂಡ ಭಾಗದಲ್ಲೆಲ್ಲ ಬೂದು ಬಣ್ಣದ ಬೂಷ್ಟು, ಕೈಯಿಂದ ಸವರಿದರೆ ಪುಡಿಯಾಗಿ ಏಳುವಂಥದ್ದು. ಕಪಾಟಿನ ಒಳಗೋಡೆಯಲ್ಲಿ ಚುಕ್ಕಿಚುಕ್ಕಿ ಕಪ್ಪು. ವೆಂಟ್ ಹಾಕಿದ ಮೊದಲ ಮಳೆಗಾಲದಿಂದಲೇ ಬೂಷ್ಟು ಹಾಸಿಗೆಯನ್ನು ಬಿಟ್ಟಿತು. ಕಪಾಟಿನಲ್ಲಿ ಮಾತ್ರ ಉಳಿಯಿತು, ಯಾಕೆಂದರೆ ಅದರ ಬಾಗಿಲು ಮುಚ್ಚಿರುತ್ತಿತ್ತು, ಅಲ್ಲಿಗೆ ಗಾಳಿ ಹೋಗುತ್ತಿರಲಿಲ್ಲ. ಈಗ ದೋಣಿ ಬಿಡುವ ಮುಂಚೆ ಕಪಾಟಿನ ಬಾಗಿಲು, ನೆಲದ ಹಲಗೆ ಎಲ್ಲ ತೆರೆದಿಡುತ್ತೇನೆ, ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ಗಂಟೆಗೆ ಒಂದು-ಒಂದೂವರೆ ಸಲ ಕ್ಯಾಬಿನ್ನಿನ ಗಾಳಿ ಬದಲಾದರೆ ಈ ಕೆಲಸಕ್ಕೆ ಧಾರಾಳ ಸಾಕು.

ತೇವದ ಬಗ್ಗೆ ಒಂದು ಎಚ್ಚರ. ಹೊರಗಿನ ಗಾಳಿಗಿಂತ ಒಳಗಿನದನ್ನು ಹೆಚ್ಚು ಒಣಗಿಸುವ ಶಕ್ತಿ ಯಾವ ವೆಂಟಿಗೂ ಇಲ್ಲ. ಹೊರಗೆ ಜಡಿಮಳೆ ಹಿಡಿದಿದ್ದರೆ ಒಳಗೆ ಬರುವುದೂ ಒದ್ದೆ ಗಾಳಿಯೇ. ಒಳಗೆ ಹುಟ್ಟುವ ತೇವವನ್ನು ಹೊರಹಾಕುವುದು ಮಾತ್ರ ಇದರಿಂದ ಆಗುವ ಕೆಲಸ. ಅದು ಕಡಿಮೆಯೇನಲ್ಲ: ಅಡುಗೆ ಒಲೆಯಲ್ಲಿ ಒಂದು ಕಿಲೋ ಪ್ರೊಪೇನ್ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಮೀರಿ ನೀರು ಆವಿಯಾಗಿ ಕ್ಯಾಬಿನ್ನಿಗೆ ಸೇರುತ್ತದೆ. ಅದರ ಮೇಲೆ ಪಾತ್ರೆಯ ಹಬೆ, ಮಲಗಿದವರ ಉಸಿರು, ಒದ್ದೆ ಹಾಯಿ, ಒದ್ದೆ ಹಗ್ಗ. ಬೆಳಗಿನ ಜಾವ ಚಾವಣಿಯಿಂದ ತೊಟ್ಟಿಕ್ಕುವ ಹನಿಯನ್ನು ಸೋರಿಕೆ ಅಂತ ಹುಡುಕುತ್ತಾ ಹೋಗುವವರು ಬಹಳ ಮಂದಿ. ಎಷ್ಟೋ ಸಲ ಅದು ತಣ್ಣನೆಯ ಫೈಬರಿಗೆ ತಾಗಿ ನೀರಾದ ಉಸಿರು.

ಎಲ್ಲಿ ಕೂರಿಸಬೇಕು ಅನ್ನುವುದರ ಮೇಲೆ ಅರ್ಧ ಫಲ ನಿಂತಿದೆ, ಡಬ್ಬಿಯೊಳಗಿನ ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. ತೂತು ಕೊರೆಯುವ ಮುಂಚೆ ಟಿಶ್ಯೂ ಕಾಗದವನ್ನು ಉದ್ದುದ್ದ ಸೀಳಿ ಚಾವಣಿಯಿಂದ ಅಲ್ಲಲ್ಲಿ ಇಳಿಬಿಟ್ಟು ನೋಡಿದೆ. ಲಂಗರು ಹಾಕಿದ ದೋಣಿ ಗಾಳಿಗೆ ಮೂತಿ ಕೊಟ್ಟು ನಿಲ್ಲುತ್ತದಲ್ಲ, ಒಳಗೂ ಗಾಳಿ ಮುಂದಿನಿಂದ ಹಿಂದಕ್ಕೆ ಬರಬೇಕು ಅನಿಸುತ್ತದೆ. ಮುಂದಿನ ಹ್ಯಾಚ್ ಗಾಳಿಗೆ ಬಾಯಿ ತೆರೆದಿದ್ದಾಗ ಹಾಗೇ ಆಯಿತು. ಹ್ಯಾಚ್ ಮುಚ್ಚಿ, ಒಂದು ಸಂದಿ ಮಾತ್ರ ಬಿಟ್ಟ ಕೂಡಲೇ ಕಾಗದದ ಬಾಲಗಳು ಉಲ್ಟಾ ತಿರುಗಿ ಮುಂದಕ್ಕೆ ವಾಲಿದವು. ಕ್ಯಾಬಿನ್ನಿನ ಇಳಿಜಾರು ಮೇಲ್ಭಾಗವನ್ನು ಹಾಯುವಾಗ ಗಾಳಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಇಳಿದು ಒಳಗಿನ ಗಾಳಿಯನ್ನು ಮೇಲಕ್ಕೆ ಹೀರುತ್ತದೆ. ಹಿಂದುಗಡೆ ಸುಳಿಯುವ ಗಾಳಿ ಬಾಗಿಲಿನಿಂದ ಒಳಕ್ಕೆ ನುಗ್ಗುತ್ತದೆ. ಹೀಗಾಗಿ ವೆಂಟನ್ನು ಮುಂದುಗಡೆ, ಶೌಚಾಲಯದ ಮೇಲೆ, ಹೊರತಳ್ಳುವ ಬ್ಲೇಡ್ ಹಾಕಿ ಕೂರಿಸಿದೆ. ಹಿಂದಿನ ಬಾಗಿಲ ಹಲಗೆಯಲ್ಲಿ ಜಾಲರಿ ಇಟ್ಟಿದ್ದೇನೆ. ಒಳಗೆ ಬರುವ ದಾರಿ ಇಲ್ಲದೆ ಹೊರಗೆ ತಳ್ಳುವ ಫ್ಯಾನ್ ಒಂದನ್ನೇ ಹಾಕಿದರೆ ಅದು ಗಿರಗಿರ ತಿರುಗುತ್ತದೆ, ಗಾಳಿ ಮಾತ್ರ ಇದ್ದಲ್ಲೇ ಇರುತ್ತದೆ.

ಹೊರಗೆ ತಳ್ಳುವ ಫ್ಯಾನ್ ಒಳಗೆ ಏನನ್ನು ಎಳೆದುಕೊಳ್ಳುತ್ತದೆ ಎನ್ನುವುದೂ ಗಮನದಲ್ಲಿರಲಿ. ಪಕ್ಕದ ದೋಣಿಯಲ್ಲಿ ಜನರೇಟರ್ ಓಡುತ್ತಿದ್ದರೆ ಅದರ ಹೊಗೆ ಹಿಂದಿನ ಬಾಗಿಲಿನಿಂದ ನೇರ ಮಲಗುವ ಜಾಗಕ್ಕೆ ಬರಬಹುದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಲಾರಂ ಇಲ್ಲದೆ ಮಲಗಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದ ಬಿಲ್ಜಿಗೆ ಇಳಿದು ಕೂರುತ್ತದೆ. ಡೆಕ್ಕಿನ ಮೇಲಿನ ವೆಂಟ್ ಅದನ್ನು ಎತ್ತಿ ಹಾಕುತ್ತದೆ ಅಂತ ನಂಬಿ ಕೂರಬೇಡಿ.

ದೂರುಗಳು. ಬ್ಯಾಟರಿ ಎರಡನೇ ವರ್ಷಕ್ಕೇ ಸೊರಗಿತು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆಲ್ಲ ಫ್ಯಾನ್ ನಿಲ್ಲತೊಡಗಿತು. ಅದೃಷ್ಟಕ್ಕೆ ಒಳಗಿರುವುದು ಬಿಚ್ಚಿ ಹಾಕಬಹುದಾದ ಸಾಮಾನ್ಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಮೋಟರಿನ ಶಾಫ್ಟಿಗೆ ಉಪ್ಪು ಹರಳುಗಟ್ಟಿ ಕರಕರ ಸದ್ದು ಬರುತ್ತದೆ. ಬ್ಲೇಡ್ ಕಿತ್ತು, ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸುಮ್ಮನಾಗುತ್ತದೆ. ಸೋಲಾರ್ ಸೆಲ್ ಮೇಲಿನ ಪ್ಲಾಸ್ಟಿಕ್ ಬಿಸಿಲಿಗೆ ಮಬ್ಬಾಗುತ್ತಾ ಬಂತು, ಕೊನೆಗೆ ಹಳೆಯದನ್ನು ಎಸೆಯಬೇಕಾದದ್ದು ಅದಕ್ಕೇ. ಮುಂದಿನ ಹಾಯಿಯ ಹಗ್ಗ ಆಗೀಗ ಮುಚ್ಚಳಕ್ಕೆ ಸಿಕ್ಕಿಕೊಂಡು ಎಳೆಯುತ್ತದೆ. ಮತ್ತೆ ಒಂದು ತಮಾಷೆ ನೋಡಿ: ಸೆಕೆಗೆ ಅಂತ ಡೆಕ್ಕಿನ ಮೇಲೆ ಟಾರ್ಪಾಲಿನ್ ಕಟ್ಟಿದರೆ ಆ ನೆರಳು ಮೊದಲು ಬೀಳುವುದೇ ಸೋಲಾರ್ ಸೆಲ್ ಮೇಲೆ.

ಕೆರಳಿದ ಸಮುದ್ರದಲ್ಲಿ ವೆಂಟನ್ನು ತೆಗೆದು ತೂತಿಗೆ ಮುಚ್ಚಳ ತಿರುಪಲೇಬೇಕು, ಅಲೆ ಡೆಕ್ಕಿನ ಮೇಲೆ ಹರಿದರೆ ತಡೆಯುವ ಏರ್ಪಾಡು ಇದರಲ್ಲಿಲ್ಲ. ಆ ಕೆಲಸಕ್ಕೆ ಹಳೆಯ ಡೊರೇಡ್ ಪೆಟ್ಟಿಗೆಯೇ ವಾಸಿ. ಒಲಿನ್ ಸ್ಟೀಫನ್ಸ್ ವಿನ್ಯಾಸ ಮಾಡಿದ, 1930ರಲ್ಲಿ ನೀರಿಗಿಳಿದು ಮರುವರ್ಷ ಅಟ್ಲಾಂಟಿಕ್ ದಾಟುವ ರೇಸ್ ಗೆದ್ದ ದೋಣಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಕೊಳವೆಯಿಂದ ಬಂದ ಗಾಳಿಯೂ ನೀರೂ ಪೆಟ್ಟಿಗೆಗೆ ಬೀಳುತ್ತವೆ. ನೀರು ತಳದ ತೂತಿನಿಂದ ಡೆಕ್ಕಿಗೆ ಹರಿಯುತ್ತದೆ, ಗಾಳಿ ಎತ್ತರದ ಇನ್ನೊಂದು ಕೊಳವೆಯ ಬಾಯಿಯಿಂದ ಒಳಗೆ ಇಳಿಯುತ್ತದೆ. ಮೋಟರಿಲ್ಲ, ಬ್ಯಾಟರಿಯಿಲ್ಲ. ಗಾಳಿ ನಿಂತ ದಿನ ಮಾತ್ರ ಕೆಲಸಕ್ಕೂ ಇಲ್ಲ.

ಹಾಗಾದರೆ ನಿದ್ದೆ ಬರುವಷ್ಟು ತಂಪು ಯಾವುದರಿಂದ? ನನ್ನಲ್ಲಿ ಮೊದಲ ಸ್ಥಾನ ನೆರಳಿಗೆ: ಬಿಳಿ ಬಟ್ಟೆ, ಡೆಕ್ಕಿಗೆ ತಾಗದಂತೆ ಕೆಳಗೆ ಗಾಳಿ ಆಡುವಷ್ಟು ಎತ್ತರದಲ್ಲಿ. ಆಮೇಲೆ ಮುಂದಿನ ಹ್ಯಾಚಿಗೆ ಕಟ್ಟುವ, ಗಾಳಿಯನ್ನು ಹಿಡಿದು ಒಳಕ್ಕೆ ಇಳಿಸುವ ಬಟ್ಟೆಯ ವಿಂಡ್‌ಸ್ಕೂಪ್. ಲಂಗರಿನಲ್ಲಿ ಅದಕ್ಕೆ ಸಾಟಿಯಿಲ್ಲ, ಜೆಟ್ಟಿಗೆ ಕಟ್ಟಿದಾಗ ಗಾಳಿ ಪಕ್ಕದಿಂದ ಬಂದರೆ ಸುಮ್ಮನೆ ಪಟಪಟ ಹೊಡೆದುಕೊಳ್ಳುತ್ತದೆ. ಮೂರನೆಯದು ತಲೆದೆಸೆಯಲ್ಲಿ ಒಂದು 12 ವೋಲ್ಟ್ ಫ್ಯಾನ್. ಅರ್ಧ ಆಂಪ್ ಎಳೆದರೂ ಎಂಟು ಗಂಟೆಗೆ 4 ಆಂಪ್-ಅವರ್, 100 ಆಂಪ್-ಅವರ್ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಅದು ಕ್ಯಾಬಿನ್ನನ್ನು ತಣ್ಣಗೆ ಮಾಡುವುದಿಲ್ಲ, ಬೆವರು ಆರಿಸುತ್ತದೆ. ಮಲಗುವವನಿಗೆ ಬೇಕಾದದ್ದೂ ಅದೇ. ಸೊಳ್ಳೆ ಪರದೆಯನ್ನು ಹ್ಯಾಚಿನ ಬಾಯಿಗೆ ಬಿಗಿಯಾಗಿ ಹಾಕುವ ಬದಲು ಹೊರಗಿನಿಂದ ಗುಡಾರದಂತೆ ಅಗಲಕ್ಕೆ ಹಾಕಿ. ಬಟ್ಟೆಯ ವಿಸ್ತಾರ ಹೆಚ್ಚಿದಷ್ಟೂ ಗಾಳಿಗೆ ತಡೆ ಕಡಿಮೆ.

ಸೋಲಾರ್ ವೆಂಟ್ ಕೊಳ್ಳುವುದೇ ಆದರೆ 4 ಇಂಚಿನದನ್ನೇ ಕೊಳ್ಳಿ, ಒಂದು ಸೆಲ್ ಹೆಚ್ಚಿಗೆ ಇಟ್ಟುಕೊಳ್ಳಿ. ಮಂಚದ ನೇರ ಮೇಲೆ ಬೇಡ, ಗುಂಯ್ ಅನ್ನುವ ಸದ್ದು ಹಗಲು ಕೇಳಿಸದಿದ್ದರೂ ರಾತ್ರಿ ಕೇಳಿಸುತ್ತದೆ. ಡೆಕ್ಕಿನ ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಇದ್ದರೆ ತೂತಿನ ಸುತ್ತ ಒಂದು ಬೆರಳಗಲ ಮರ ಕೆರೆದು ತೆಗೆದು, ಆ ಜಾಗಕ್ಕೆ ಎಪಾಕ್ಸಿ ತುಂಬಿ ಗಟ್ಟಿಯಾದ ಮೇಲೆಯೇ ಸ್ಕ್ರೂ ಹಾಕಿ. ಬರೀ ಸೀಲಂಟ್ ಬಳಿದು ಕೂರಿಸಿದರೆ ಎಂದಾದರೊಂದು ದಿನ ನೀರು ಮರಕ್ಕೆ ಇಳಿಯುತ್ತದೆ, ಆಮೇಲೆ ವೆಂಟಿನ ಬೆಲೆಯ ಎಷ್ಟೋ ಪಟ್ಟು ಡೆಕ್ ರಿಪೇರಿಗೆ ಹೋಗುತ್ತದೆ.