1984ರ ಬ್ಯಾಟ್‌ಮನ್ ಅಂತ ಹೇಳಿ ಟೋಪಿ ಹಾಕ್ಯಾನ, ಹಳೇ ಗೊಂಬಿ ಕೂಡಿಡೋರು ಒಮ್ಮೆ ಓದ್ರಿ

ಕೊಪ್ಪಳ, ಗಂಗಾವತಿ, ಬಳ್ಳಾರಿ, ರಾಯಚೂರು ಕಡೆ ಹಳೇ ಸೂಪರ್‌ಹೀರೋ ಗೊಂಬಿ ಕೂಡಿಡೋರು ಕಡಿಮಿ ಮಂದಿ ಅದೀವಿ, ಅದಕ್ಕ ಎಲ್ಲಾರಿಗೂ ಮುಟ್ಟಲಿ ಅಂತ ಬರೀತೀನಿ. ಬಳ್ಳಾರಿಯಾವ ಅಂತ ಹೇಳ್ಕೊಳ್ಳೋ ಒಬ್ಬಾವ ಅದಾನ, ವಾಟ್ಸಾಪ್‌ನಾಗ ಫೋಟೋ ಹಾಕ್ತಾನ, ಮಾತು ಭಾಳ ಮೆತ್ತಗ, ಮಾತಿಗೊಮ್ಮೆ ಅಣ್ಣಾ ಅಣ್ಣಾ ಅಂತಾನ. ಅಮೆರಿಕಾದ ಆಟಿಕಿ ಕಂಪನಿ ಕೆನ್ನರ್‌ನವ್ರ ಸೂಪರ್ ಪವರ್ಸ್ ಅನ್ನೋ ಗೊಂಬಿ ಸಾಲಿನ ಬ್ಯಾಟ್‌ಮನ್, 1984ರ ಒರಿಜಿನಲ್ ಪೀಸ್ ಅಂತ ಹೇಳಿ ನನ್ನ ಕಡೆಯಿಂದ 14,000 ರೂಪಾಯಿ ಹೊಡದಾನ. ಬಂದಿದ್ದು ಮೊನ್ನೆ ಮೊನ್ನೆ ಫ್ಯಾಕ್ಟರಿಯಿಂದ ಬಂದ ಗೊಂಬಿ. ಕಂಪ್ಲೇಂಟ್ ನಡದೈತಿ, ಅದಕ್ಕ ಇಲ್ಲಿ ಹೆಸರು ಹಾಕಂಗಿಲ್ಲ.

ಅವ ಮೊದ್ಲು ಮಾಡೋ ಕೆಲಸ ಅಂದ್ರ ಪಾಠ ಒಪ್ಪಿಸೋದು. 1972ಕ್ಕ ಮೆಗೋ ಕಂಪನಿಯವ್ರು ಎಂಟು ಇಂಚಿನ, ಬಟ್ಟಿ ತೊಟ್ಟ ಸೂಪರ್‌ಹೀರೋ ಗೊಂಬಿ ತಂದ್ರು, 83ಕ್ಕ ಕಂಪನಿ ಬಾಗ್ಲಾ ಹಾಕ್ತು, ಬ್ಯಾಟ್‌ಮನ್ ಕಾಮಿಕ್ಸ್ ಮಾಡೋ ಡಿಸಿ ಕಂಪನಿ ಲೈಸೆನ್ಸ್ ಕೆನ್ನರ್‌ನವ್ರ ಕೈಗೆ ಬಂತು, 84ರಿಂದ 86ರ ತನಕ ಸೂಪರ್ ಪವರ್ಸ್ ಮಾಡಿದ್ರು, ಅದೇ ಟೈಮಿಗೆ ಮ್ಯಾಟೆಲ್‌ನವ್ರು ಇನ್ನೊಂದು ಕಾಮಿಕ್ಸ್ ಕಂಪನಿ ಮಾರ್ವೆಲ್‌ದು ಸೀಕ್ರೆಟ್ ವಾರ್ಸ್ ಗೊಂಬಿ ತಂದ್ರು, ಡಿಸಿ ಕತಿಯೊಳಗಿನ ಖಳ ಡಾರ್ಕ್‌ಸೈಡ್ ಮತ್ತ ಅವನ ಕಡೆಯವ್ರನ್ನ, ಅವರನ್ನ ಮೊದ್ಲು ಹುಟ್ಟಿಸಿದ ಚಿತ್ರಕಾರ ಜಾಕ್ ಕರ್ಬಿನೇ ಸೂಪರ್ ಪವರ್ಸ್ ಗೊಂಬಿ ಸಲುವಾಗಿ ಹೊಸ ರೂಪದಾಗ ಬರದುಕೊಟ್ಟ, ಹಿಂಗ ಒಂದರ ಹಿಂದ ಒಂದು. ಎಲ್ಲಾ ಖರೇ ನೋಡ್ರಿ, ಒಂದೂ ಸುಳ್ಳಿಲ್ಲ! ಇಷ್ಟು ತಿಳದಾವ ಗೊಂಬಿ ವಿಷಯದಾಗ ಮೋಸ ಮಾಡ್ತಾನ ಅಂತ ಯಾರರ ಅಂದ್ಕೋತಾರೇನ್ರಿ? ಮ್ಯಾಲೆ ಒಂದು ಕತಿ ಬ್ಯಾರೆ, ಅವರ ಕಾಕಾ ದುಬೈದಾಗ ಇದ್ರಂತ, ಊರಿಗೆ ಬರೋವಾಗ ಸೂಟ್‌ಕೇಸಿನಾಗ ತಂದಿದ್ರಂತ, ನಲವತ್ತು ವರ್ಷ ಟ್ರಂಕಿನಾಗ ಇತ್ತಂತ. ನಮ್ಮ ಕಡೆ ಆಗ ಇವು ಅಂಗಡ್ಯಾಗ ಎಲ್ಲಿ ಸಿಗ್ತಿದ್ವು, ನಾವೆಲ್ಲಾ ಫನ್‌ಸ್ಕೂಲ್‌ನವ್ರ ಜಿ.ಐ. ಜೋ ನೋಡಿ ಬೆಳದೋರು, ದುಬೈ ಅಂದಕೂಡಲೇ ಕತಿ ಸರಿಯಾಗಿ ಕೂಡ್ತು.

ಪೂರಾ ರೊಕ್ಕ ಹಾಕಿದ ಮ್ಯಾಲೇ ಬಸ್ಸಿಗೆ ಪಾರ್ಸಲ್ ಇಡ್ತೀನಿ ಅಂದ. ಹಾಕಿದೆ. ಕೊಪ್ಪಳ ಬಸ್‌ಸ್ಟ್ಯಾಂಡಿಗೆ ಹೋಗಿ ಬಿಡಿಸ್ಕೊಂಡು ಬಂದೆ.

ಸೂಪರ್ ಪವರ್ಸ್ ಗೊತ್ತಿದ್ದೋರಿಗೆ ಹೇಳೋದು ಬ್ಯಾಡ, ಅದರ ಮಜಾ ಇರೋದೇ ಒಳಗಿನ ಮಷೀನಿನಾಗ. ಎರಡೂ ಕಾಲು ಕೂಡಿಸಿ ಒತ್ತಿದ್ರ ಬ್ಯಾಟ್‌ಮನ್ ಕೈ ಬೀಸಿ ಗುದ್ದಬೇಕು. ಮನ್ಯಾಗ ಎಲ್ಲಾರೂ ಕುಂತಿದ್ರು, ನಮ್ಮ ತಮ್ಮ, ಅವನ ಮಗ, ಓಣಿ ಹುಡುಗ್ರು, "ಈಗ ನೋಡ್ರಿ ಹೆಂಗ ಗುದ್ದತಾನ" ಅಂತ ದೊಡ್ಡದಾಗಿ ಹೇಳಿ ಒತ್ತಿದೆ. ಏನಿಲ್ಲ. ಇನ್ನೊಂದು ಸಲ ಗಟ್ಟಿ ಒತ್ತಿದೆ, ಕಾಲು ಅಷ್ಟ ಒಂದಕ್ಕೊಂದು ಹತ್ತಿದ್ವು, ಕೈ ಜಪ್ಪಯ್ಯ ಅಂದ್ರೂ ಏಳವಲ್ದು. ಆ ಹುಡುಗ "ದೊಡ್ಡಪ್ಪ, ಬ್ಯಾಟ್‌ಮನ್‌ಗ ಲಕ್ವಾ ಹೊಡದೈತೇನು?" ಅಂದ. ಎಲ್ಲಾರೂ ನಕ್ಕರು. ಹದಿನಾಲ್ಕು ಸಾವಿರ ಅಂತ ಮನ್ಯಾಗ ಆಗ ಇನ್ನೂ ಗೊತ್ತಿರಲಿಲ್ಲ, ಗೊತ್ತಾದ ಮ್ಯಾಲಿಂದು ಬರಿಯಂಗಿಲ್ಲ ಬಿಡ್ರಿ.

ಅವನಿಗೆ ಮೆಸೇಜ್ ಹಾಕಿದ್ರ ಉತ್ತರ ಏನು ಗೊತ್ತೇನು? "ಸ್ಪ್ರಿಂಗ್ ಜಾಮ್ ಆಗಿರ್ತೈತಿ ಅಣ್ಣಾ, ಒಂದೆರಡು ಹನಿ ಕೊಬ್ರಿ ಎಣ್ಣಿ ಬಿಡ್ರಿ." ಎಣ್ಣಿ ಬಿಡಾಕ ತೂತು ಎಲ್ಲೈತಿ ಅಂದ್ರ, "ನಲವತ್ತು ವರ್ಷದ್ದು ಅಣ್ಣಾ, ನಮ್ಮ ನಿಮ್ಮ ಮೊಣಕಾಲೇ ಕೇಳಂಗಿಲ್ಲ" ಅಂತ ನಗೋ ಇಮೋಜಿ ಹಾಕ್ಯಾನ. ನಗ್ತಾನ್ರಿ! ನನ್ನ ರೊಕ್ಕ ತಿಂದು ನಗ್ತಾನ!

ಆಮ್ಯಾಲೆ ಗೊಂಬಿ ತಿರುವಿ ನೋಡಿದೆ. ಹಳೇ ಗೊಂಬಿ ಮೈಮ್ಯಾಲೆ ಕಂಪನಿ ಹೆಸರು, ಇಸವಿ ಅಚ್ಚು ಇರಬೇಕಲ್ರಿ, ಇದರ ಕಾಲಿನ ಹಿಂದ ಆ ಜಾಗದಾಗ ಉಪ್ಪುಕಾಗದ ಹಾಕಿ ತಿಕ್ಕಿ, ಮ್ಯಾಲೆ ಬೂದಿ ಬಣ್ಣ ಬಳದಾರ. ಕಿನ್ನಾಳದಾಗ ನಮ್ಮ ಪರಿಚಯದೋರು ಒಬ್ರು ಚಿತ್ರಗಾರರು ಅದಾರ, ಹುಟ್ಟಾ ಗೊಂಬಿಗೆ ಬಣ್ಣ ಹಚ್ಚೋರು, ಅವರಿಗೆ ತೋರಿಸಿದೆ. ಬ್ಯಾಟ್‌ಮನ್ ಯಾರಂತ ಅವರಿಗೆ ಗೊತ್ತಿಲ್ಲ, ಬರೇ ಉಗುರಿನಿಂದ ಕೆರದ್ರು, ಬೂದಿ ಬಣ್ಣ ಸಿಪ್ಪಿಯಂಗ ಎದ್ದು ಬಂತು, "ಇದು ಹೋದ ತಿಂಗಳದ್ದು ಐತಿ ತಮ್ಮಾ" ಅಂತ ಕೈಗೆ ಕೊಟ್ರು.

ಗೊಂಬಿ ಹಿಂದಿನ ಕಾರ್ಡ್ ಅಂತ ಒಂದು ಹರಕು ರಟ್ಟು ಕಳಿಸಿದ್ದ, ಕೆಳಗಿನ ಭಾಗ ಇಲಿ ಕಡದೈತಿ ಅಂತ ಹೇಳಿದ್ದ. ಇಲಿ ಸ್ಕೇಲ್ ಇಟ್ಟು ಕಡೀತೈತೇನ್ರಿ? ನೆಟ್ಟಗ ಬ್ಲೇಡಿನಿಂದ ಕೊಯ್ದಾರ. ಮೂಲ್ಯಾಗ ಅರ್ಧ ಸಿಇ ಮಾರ್ಕ್ ಹಂಗೇ ಉಳದೈತಿ. ಯುರೋಪಿನಾಗ ಆಟಿಕಿ ಮ್ಯಾಲೆ ಸುರಕ್ಷತಿ ಸಲುವಾಗಿ ಹಾಕೋ ಆ ಮಾರ್ಕ್ ಶುರುವಾಗಿದ್ದೇ 1990ಕ್ಕ, 84ರ ಕಾರ್ಡ್ ಮ್ಯಾಲೆ ಅದು ಹೆಂಗ ಬಂತು? ಇದನ್ನ ಕೇಳಿದ್ರ "ಹಂಗಾದ್ರ 82ರ ಪೀಸ್ ಇರಬೇಕು ಅಣ್ಣಾ, ಕಾಕಾಗ ಕೇಳಿ ಹೇಳ್ತೀನಿ" ಅಂತಾನ. 82ಕ್ಕ ಆ ಲೈನ್ ಹುಟ್ಟೇ ಇರಲಿಲ್ಲ! ಪಾಠ ಒಪ್ಪಿಸಿದಾವ ತಾನೇ ಮರ್ತಾನ.

ಇದು ಎಲ್ಲಿಂದ ಬಂತು ಅಂದ್ರ, ಮ್ಯಾಕ್‌ಫಾರ್ಲೇನ್ ಕಂಪನಿಯವ್ರು 2022ರಿಂದ ಅದೇ ಸೂಪರ್ ಪವರ್ಸ್ ಹೆಸರಿನಾಗ, ಹಳೇದರ ಅಳತಿಗೆ, ಬಟ್ಟಿ ಹೊದಿಕಿ ಹಾಕಿ ಹೊಸ ಗೊಂಬಿ ಬಿಡಾಕ ಶುರು ಮಾಡಿದ್ರು. ಅವರು ಹೊಸವು ಅಂತಲೇ ಮಾರಿದ್ದು, ಅವರದೇನು ತಪ್ಪಿಲ್ಲ. ಅದರಾಗ ಗುದ್ದೋ ಮಷೀನ್ ಇಲ್ಲ. ಈ ಮನಿಷಾ ಅದನ್ನ ತಗೊಂಡು, ಅಚ್ಚು ತಿಕ್ಕಿ, ಚಾದ ನೀರಿನಾಗ ಹೊದಿಕಿ ಅದ್ದಿ (ವಾಸನಿ ಇನ್ನೂ ಐತಿ) ಹಳೇದು ಮಾಡ್ಯಾನ.

ರೊಕ್ಕ ವಾಪಸ್ ಕೊಡು, ಇಲ್ಲಂದ್ರ ಸ್ಟೇಷನ್‌ಗೆ ಹೋಗ್ತೀನಿ ಅಂದೆ. "ಗೊಂಬಿ ಸಲುವಾಗಿ ಸ್ಟೇಷನ್‌ಗೆ ಹೋಗ್ತೀರೇನು ಅಣ್ಣಾ, ಈ ವಯಸ್ಸಿನಾಗ? ನಗ್ತಾರ" ಅಂತ ಹಾಕಿ ಬ್ಲಾಕ್ ಮಾಡ್ಯಾನ. ಇದೇ ಮಾತು ನನಗ ಎಲ್ಲಾಕಿಂತ ಹೆಚ್ಚು ಚುಚ್ಚಿದ್ದು. ಅವನ ಧೈರ್ಯ ಪೂರಾ ಅದರ ಮ್ಯಾಲೇ ನಿಂತೈತಿ, ನಾಚಿಕಿಗೆ ಅಂಜಿ ಯಾರೂ ಬಾಯಿ ಬಿಡಂಗಿಲ್ಲ ಅಂತ. ನಾ ಸೈಬರ್ ಮೋಸದ ದೂರು ತಗೊಳ್ಳೋ 1930 ನಂಬರಿಗೆ ಫೋನ್ ಹಚ್ಚಿ ಕಂಪ್ಲೇಂಟ್ ಕೊಟ್ಟೀನಿ. ಬರ್ಕೊಂಡೋರು "ಏನ್ ಗೊಂಬಿ ಸರ್?" ಅಂತ ಮತ್ತ ಮತ್ತ ಕೇಳಿದ್ರು, ಕೇಳಲಿ.

ನೀವು ತಗೊಳ್ಳೋರಿದ್ರ ಕಾಲು ಒತ್ತಿ ಕೈ ಎತ್ತೋ ವಿಡಿಯೋ ಕೇಳ್ರಿ, ಮೈಮ್ಯಾಲಿನ ಅಚ್ಚಿನ ಫೋಟೋ ಹತ್ರದಿಂದ ಕೇಳ್ರಿ, ಪೂರಾ ರೊಕ್ಕ ಮೊದ್ಲೇ ಕೇಳಿದ್ರ ಬಿಟ್ಟುಬಿಡ್ರಿ. ದುಬೈ ಕಾಕಾ ಬಂದ್ರಂತೂ ಫೋನ್ ಇಡ್ರಿ.

ಈಗ ಅದೇ ಮನಿಷಾ ಮುಸುಕು ಬಿಚ್ಚೋ ಮೆಗೋ ಬ್ಯಾಟ್‌ಮನ್, ಮೊದ್ಲ ಸರ್ತಿ ಬಂದಿದ್ದು ಅಂತ 22,000ಕ್ಕ ಹಾಕ್ಯಾನ. ಮೆಗೋ ಹೆಸರೂ 2018ಕ್ಕ ತಿರುಗಿ ಶುರುವಾಗೈತಿ, ಹೊಸ ಗೊಂಬಿ ಬೇಕಾದಷ್ಟು ಅದಾವ, ಹುಷಾರ್. ನಮ್ಮ ತಮ್ಮನ ನಂಬರಿನಿಂದ "ಬೆನ್ನಿನ ಅಚ್ಚಿನ ಫೋಟೋ ಕಳಸ್ರಿ" ಅಂತ ಕೇಳಿಸಿದೆ. "ಕರೆಂಟ್ ಹೋಗೈತಿ ಅಣ್ಣಾ, ನಾಳೆ ಕಳಸ್ತೀನಿ" ಅಂದಾನ, ಮಟಮಟ ಮಧ್ಯಾಹ್ನದಾಗ.