ಮನೆಯಲ್ಲೇ ಚೈನ್ ಸ್ಪ್ರಾಕೆಟ್ ಬದಲಿಸಲು ಟೂಲ್ಸ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ಬೇಡ

ಮೊದಲೇ ಹೇಳಿಬಿಡುತ್ತೇನೆ, ಬೈಕಿನ ಚೈನ್ ಸ್ಪ್ರಾಕೆಟ್ (ಚೈನ್ ಮತ್ತು ಅದು ಓಡುವ ಹಲ್ಲಿನ ಚಕ್ರಗಳು) ಬದಲಿಸಬೇಕು ಅಂತ ದೊಡ್ಡ ಪೆಟ್ಟಿಗೆಯ ಟೂಲ್ ಕಿಟ್ ತಗೊಳ್ಳಬೇಡಿ. ಅದರಲ್ಲಿರುವ ಅರ್ಧಕ್ಕರ್ಧ ಸಾಮಾನು ಈ ಕೆಲಸಕ್ಕೆ ಬರುವುದಿಲ್ಲ, ಬೇಕಾದ ಒಂದು ದೊಡ್ಡ ಸಾಕೆಟ್ (ನಟ್ ಮೇಲೆ ಟೋಪಿಯಂತೆ ಕೂರುವ ಟೂಲ್) ಮಾತ್ರ ಅದರಲ್ಲಿ ಇರುವುದಿಲ್ಲ. ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಬೈಕಿನ ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿ. ನಮ್ಮ ಬಹುತೇಕ ಬೈಕ್‌ಗಳಲ್ಲಿ ಅದು ಎಡಗಡೆ, ಗೇರ್ ಲಿವರ್ ಹತ್ತಿರ ಇರುತ್ತದೆ. ಒಳಗೆ ಆ ಚಿಕ್ಕ ಸ್ಪ್ರಾಕೆಟನ್ನು ಏನು ಹಿಡಿದಿದೆ ಅಂತ ನೋಡಿ. ಆಮೇಲೆ ಚೈನಿನ ಎರಡು ತುದಿ ಸೇರಿಸುವ ಜಾಯಿಂಟ್ ಲಿಂಕ್ ಹುಡುಕಿ, ಕ್ಲಿಪ್ ಹಾಕಿದ್ದಾರಾ ಇಲ್ಲಾ ರಿವೆಟ್ ಹೊಡೆದಿದ್ದಾರಾ (ಪಿನ್ನಿನ ತಲೆ ಅಗಲಿಸಿ ಕೂರಿಸಿದ್ದಾರಾ) ನೋಡಿ. ಈ ಎರಡು ಗೊತ್ತಾದರೆ ಏನೇನು ತಗೊಳ್ಳಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಚಿಕ್ಕಮಗಳೂರಲ್ಲಿ ಬೈಕ್ ಇಟ್ಟವರಿಗೆ ಈ ಕೆಲಸ ಬೇರೆಯವರಿಗಿಂತ ಬೇಗ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತೋಟದ ದಾರಿ ತುಂಬಾ ಕೆಂಪು ಮಣ್ಣು. ಆಲ್ದೂರು, ಮೂಡಿಗೆರೆ ಕಡೆ ದಿನಾ ಓಡಾಡುವವರ ಬೈಕ್ ನೋಡಿ, ಚೈನ್ ಮೇಲೆ ಎಣ್ಣೆ ಮತ್ತು ಮರಳು ಸೇರಿ ಒಂದು ಪೇಸ್ಟ್ ಆಗಿರುತ್ತದೆ. ಅದು ಹಲ್ಲನ್ನೂ ಪಿನ್ನನ್ನೂ ದಿನಾ ಅರೆಯುತ್ತಾ ಇರುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹೊರಗೆ ಎಳೆದಾಗ ಹಲ್ಲಿನ ಬುಡ ಕಾಣುವಷ್ಟು ಎದ್ದು ಬಂದರೆ ಅದರ ಕಥೆ ಮುಗಿಯಿತು. ಚೈನ್ ಒಂದೇ ಬದಲಿಸಿದರೆ ಸವೆದ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ, ಹಾಗಾಗಿ ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರೂ ಒಟ್ಟಿಗೇ ಬದಲಿಸಬೇಕು.

ಈಗ ಟೂಲ್ಸ್ ವಿಷಯಕ್ಕೆ ಬರೋಣ. ಮನೆಯಲ್ಲಿ ಅಪ್ಪನ ಸ್ಪ್ಲೆಂಡರ್ ಇದೆ, ನನ್ನದು 520 ಚೈನಿನ ಬೈಕ್ (ಈ ನಂಬರ್ ಚೈನಿನ ಸೈಜ್). ಎರಡೂ ಬೇರೆ ಬೇರೆ ಜಾತಿ. ಸ್ಪ್ಲೆಂಡರಿನಲ್ಲಿ ಮುಂದಿನ ಸ್ಪ್ರಾಕೆಟನ್ನು ಒಂದು ಸಣ್ಣ ಪ್ಲೇಟ್ ಮತ್ತು ಎರಡು ಬೋಲ್ಟ್ ಹಿಡಿದಿರುತ್ತವೆ, 10 ಎಂಎಂ ಸ್ಪ್ಯಾನರ್ ಸಾಕು. ಚೈನ್ 428, ಜಾಯಿಂಟ್ ಕ್ಲಿಪ್ಪಿನದು, ನೋಸ್ ಪ್ಲೇಯರ್ ಇದ್ದರೆ ಬಿಚ್ಚಬಹುದು, ಹಾಕಬಹುದು. ಇಂಥ ಬೈಕಿಗೆ ತಪಾರಿಯಾ ಕಂಪನಿಯ ಟಿ-ಸ್ಪ್ಯಾನರ್ ಒಂದೆರಡು, ಹಿಂದಿನ ಆಕ್ಸೆಲ್‌ಗೆ ಸರಿಯಾದ ರಿಂಗ್ ಸ್ಪ್ಯಾನರ್, ಒಂದು ಸುತ್ತಿಗೆ, ಇಷ್ಟೇ ಬೇಕಾಗುವುದು. ತಪಾರಿಯಾ ಬಗ್ಗೆ ನನಗೆ ದೂರು ಏನೂ ಇಲ್ಲ. ಮಾರ್ಕೆಟ್ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ, ಬಾಯಿ ಸಡಿಲ ಆಗುವುದಿಲ್ಲ, ಒಂದು ಕಳೆದುಹೋದರೆ ಅದೊಂದನ್ನೇ ತರಬಹುದು. ಆ ಕೊನೆಯ ಗುಣವೇ ದೊಡ್ಡದು, ಸೆಟ್ಟಲ್ಲಿ ತಗೊಂಡರೆ ಅದು ಸಿಗುವುದಿಲ್ಲ. ಕ್ಲಿಪ್ ಹಾಕುವಾಗ ಒಂದೇ ಮಾತು ನೆನಪಿರಲಿ: ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಉಲ್ಟಾ ಇದ್ದರೆ ಏನಾದರೂ ತಾಗಿ ಕ್ಲಿಪ್ ಹಾರಿಹೋಗಬಹುದು.

ನನ್ನ ಬೈಕಿನದ್ದು ದೊಡ್ಡ ನಟ್ ಇರುವ ಜಾತಿ. ಮಧ್ಯದಲ್ಲಿ ಒಂದು ದಪ್ಪ ನಟ್, ಅದರ ಕೆಳಗೆ ಲಾಕ್ ವಾಷರ್, ಅದರ ಒಂದು ಅಂಚನ್ನು ನಟ್ಟಿನ ಮೇಲೆ ಮಡಚಿರುತ್ತಾರೆ. ಕಷ್ಟ ಇರುವುದೆಲ್ಲ ಇಲ್ಲೇ. ಬೈಕ್ ಸ್ಪೇರ್ ಅಂಗಡಿಗಳಲ್ಲಿ ಕೇಳಿದರೆ 24 ಎಂಎಂವರೆಗೆ ಸುಲಭವಾಗಿ ಕೊಡುತ್ತಾರೆ, ಅದಕ್ಕಿಂತ ಮೇಲಿನ ಸಾಕೆಟ್ ಕೇಳಿದರೆ ಆರ್ಡರ್ ಮಾಡಿ ತರಿಸಬೇಕು ಅಂತಾರೆ. ನನಗೆ ಸಿಕ್ಕಿದ್ದು ಟ್ರ್ಯಾಕ್ಟರ್, ಜೀಪ್ ಬಿಡಿಭಾಗ ಮಾರುವ ಅಂಗಡಿಯಲ್ಲಿ. ನಮ್ಮೂರಲ್ಲಿ ತೋಟದ ಜೀಪ್‌ಗಳು ಇಷ್ಟು ಓಡುತ್ತವೆ, ಅವುಗಳ ನಟ್‌ಗಳೂ ದಪ್ಪ, ಹಾಗಾಗಿ ಆ ಅಂಗಡಿಯವರ ಹತ್ತಿರ ದೊಡ್ಡ ಸಾಕೆಟ್ ಯಾವಾಗಲೂ ಸ್ಟಾಕ್ ಇರುತ್ತದೆ. ಅಂಗಡಿಯವರು ಗೂಡಿನಿಂದ ಸಾಕೆಟ್ ತೆಗೆದು ಕೈಗೆ ಕೊಟ್ಟು, "ನೋಡ್ಕೊಂಡು ತಗೊಳ್ಳಿ ಸಾರ್, ಒಳಗೆ ಎಷ್ಟು ಮೂಲೆ ಇದೆ ಅಂತ" ಅಂದರು. ಸರಿಯಾದ ಮಾತು. ಒಳಗೆ ಹನ್ನೆರಡು ಮೂಲೆ ಇರುವ ಸಾಕೆಟ್ ನಟ್ಟಿನ ತುದಿಯನ್ನೇ ಒತ್ತುತ್ತದೆ, ಜೋರಾಗಿ ಎಳೆದರೆ ಮೂಲೆ ಸವೆದು ನಟ್ ಉರುಟಾಗುತ್ತದೆ. ಆರು ಮೂಲೆಯದು ನಟ್ಟಿನ ಸಪಾಟು ಬದಿಯನ್ನು ಹಿಡಿಯುತ್ತದೆ. ಈ ಕೆಲಸಕ್ಕೆ ಆರು ಮೂಲೆಯದೇ ಬೇಕು, ಅರ್ಧ ಇಂಚ್ ಡ್ರೈವಿನದು (ಹಿಡಿ ಸಿಕ್ಕಿಸುವ ಚೌಕ ತೂತಿನ ಅಳತೆ). ನಟ್ಟಿನ ಸೈಜನ್ನು, ಎರಡು ದವಡೆಯ ನಡುವೆ ಹಿಡಿದು ಅಳೆಯುವ ವರ್ನಿಯರ್‌ನಿಂದ ಅಳೆದುಕೊಂಡೇ ಹೋಗಿ, ಅಂದಾಜಿಗೆ ಬೇಡ.

ಸಾಕೆಟ್ ಜೊತೆಗೆ ಅದಕ್ಕೆ ಸಿಕ್ಕಿಸಿ ತಿರುಗಿಸುವ ಉದ್ದದ ಬಾರ್ ತಗೊಳ್ಳಿ, ಒಂದೇ ದಿಕ್ಕಿಗೆ ಹಿಡಿಯುವ ರ‍್ಯಾಚೆಟ್ ಬೇಡ. ರ‍್ಯಾಚೆಟ್ಟಿನ ಒಳಗಿನ ಹಲ್ಲು ಸಣ್ಣದು, ಇಷ್ಟು ಬಿಗಿಯಾದ ನಟ್ಟಿಗೆ ಅದನ್ನು ಬಳಸಿದರೆ ಮುರಿಯುತ್ತದೆ. ಸುಮಾರು ಎರಡು ಅಡಿ ಉದ್ದದ ಬ್ರೇಕರ್ ಬಾರ್ ಇದ್ದರೆ ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದು, ಇನ್ನೊಬ್ಬರು ಸಲೀಸಾಗಿ ಬಿಚ್ಚಬಹುದು. ಇದಕ್ಕೆ ಚೈನ್ ಬೈಕಿನ ಮೇಲೇ ಇರಬೇಕು. ಚೈನ್ ತೆಗೆದ ಮೇಲೆ ಸ್ಪ್ರಾಕೆಟ್ ತಿರುಗದಂತೆ ಹಿಡಿಯಲು ಬೇರೆ ದಾರಿ ಹುಡುಕಬೇಕಾಗುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ನಟ್‌ಗಳನ್ನೂ ಚಕ್ರ ಬೈಕಲ್ಲಿ ಇರುವಾಗಲೇ ಸಡಿಲ ಮಾಡಿಕೊಳ್ಳಿ. ಲಾಕ್ ವಾಷರ್ ಅಂಚನ್ನು ಚಪ್ಪಟೆ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಿಡಿಸಬೇಕು, ಹಳೆಯದನ್ನು ಮತ್ತೆ ಮಡಚಬೇಡಿ, ಹೊಸದು ತರಲು ಹೆಚ್ಚು ದುಡ್ಡೇನೂ ಬೇಡ. ಇನ್ನೊಂದು, ಕೆಲವು ಬೈಕ್‌ಗಳಲ್ಲಿ ಈ ನಟ್ ಉಲ್ಟಾ ಥ್ರೆಡ್ ಇರುತ್ತದೆ. ಬಾರ್ ಹಾಕಿ ಎಳೆಯುವ ಮುಂಚೆ ನಿಮ್ಮ ಬೈಕಿನ ಮ್ಯಾನ್ಯುವಲ್ ನೋಡಿ. ಸಾಕೆಟ್ ಮತ್ತು ಬಾರ್ ಎರಡೂ ಸೇರಿ ಒಂದೂವರೆ ಸಾವಿರದ ಒಳಗೇ ಆಯಿತು. ಇಷ್ಟೆಲ್ಲ ಟೂಲ್ಸ್‌ನಲ್ಲಿ ನನಗೆ ತುಂಬಾ ತೃಪ್ತಿ ಕೊಟ್ಟಿದ್ದು ಇದೇ ಜೋಡಿ.

ಗ್ಯಾರೇಜಿನಲ್ಲಿ ಇಂಪ್ಯಾಕ್ಟ್ ಗನ್ ಹಿಡಿದು ಎರಡು ಸೆಕೆಂಡಿನಲ್ಲಿ ಬಿಚ್ಚುತ್ತಾರೆ, ನಿಜ. ಮನೆಗೂ ಬ್ಯಾಟರಿ ಇಂಪ್ಯಾಕ್ಟ್ ತಗೊಳ್ಳಬಹುದು, ಆದರೆ ಅದಕ್ಕೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಹಾಕಬೇಕು. ಹೊಳೆಯುವ ಕ್ರೋಮ್ ಸಾಕೆಟ್ ಆ ಹೊಡೆತಕ್ಕೆ ಸೀಳಬಹುದು. ಇದೊಂದೇ ಕೆಲಸಕ್ಕೆ ಅಷ್ಟು ಖರ್ಚು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಟಾರ್ಕ್ ರಿಂಚ್, ಅಂದರೆ ನಟ್ ಎಷ್ಟು ಬಿಗಿಯಾಯಿತು ಅಂತ ಅಳೆಯುವ ರಿಂಚ್, ಬೇಕಾ? ದೊಡ್ಡ ನಟ್ ಇರುವ ಬೈಕ್ ಆದರೆ ಬೇಕು. ಕೈ ಅಂದಾಜಿನಲ್ಲಿ ಬಿಗಿ ಮಾಡಿದರೆ ಕಡಿಮೆ ಆಗುವುದಕ್ಕಿಂತ ಜಾಸ್ತಿ ಆಗುವುದೇ ಹೆಚ್ಚು, ಆಮೇಲೆ ಗೇರ್‌ಬಾಕ್ಸ್ ಶಾಫ್ಟಿನ ಥ್ರೆಡ್ ಹಾಳಾದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಕ್ಲಿಕ್ ಆಗುವ ಅರ್ಧ ಇಂಚಿನ ರಿಂಚ್ ಮೂರು ಸಾವಿರದ ಆಸುಪಾಸಿಗೆ ಸಿಗುತ್ತದೆ. ಆದರೆ ಒಂದೇ ರಿಂಚ್ ಎಲ್ಲದಕ್ಕೂ ಆಗುವುದಿಲ್ಲ. ಕ್ಲಿಕ್ ರಿಂಚ್‌ಗಳ ಅಳತೆ ನಂಬಬಹುದಾದ್ದು ಪೂರ್ತಿ ಸಾಮರ್ಥ್ಯದ 20 ಶೇಕಡಾದಿಂದ ಮೇಲೆ ಮಾತ್ರ. ಅಂದರೆ 200 ನ್ಯೂಟನ್ ಮೀಟರ್‌ನ ರಿಂಚಿಗೆ 40ರ ಕೆಳಗಿನ ಅಳತೆ ನಂಬುವಂತಿಲ್ಲ, 10 ಎಂಎಂ ಸ್ಪ್ಯಾನರ್ ಕೂರುವ ಆರು ಎಂಎಂ ದಪ್ಪದ ಬೋಲ್ಟಿಗೆ ಬೇಕಾಗುವುದು 10, 12 ಮಾತ್ರ. ಸ್ಪ್ಲೆಂಡರಿನ ಆ ಎರಡು ಬೋಲ್ಟಿಗೆ ಇದನ್ನು ಹಾಕಿದರೆ ಕ್ಲಿಕ್ ಆಗುವ ಮುಂಚೆಯೇ ಬೋಲ್ಟ್ ಮುರಿದು ಕೈಗೆ ಬರುತ್ತದೆ. ಕೆಲಸ ಮುಗಿದ ಮೇಲೆ ರಿಂಚನ್ನು ಕನಿಷ್ಠ ಅಂಕೆಗೆ ಇಳಿಸಿ ಇಡಿ, ಒಳಗಿನ ಸ್ಪ್ರಿಂಗ್ ಚೆನ್ನಾಗಿರುತ್ತದೆ.

ಚೈನಿನ ಪಿನ್ ಒತ್ತಿ ತೆಗೆಯುವ ಚೈನ್ ಬ್ರೇಕರ್ ವಿಷಯದಲ್ಲಿ ನನಗೆ ಕೋಪ ಇದೆ. ಆನ್‌ಲೈನಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ಒಂದು ಡಬ್ಬಿ ಸಿಗುತ್ತದೆ, ಬಿಚ್ಚುವುದು, ಒತ್ತುವುದು, ರಿವೆಟ್ ಮಾಡುವುದು ಮೂರಕ್ಕೂ ಆಗುತ್ತದೆ ಅಂತ ಮೇಲೆ ಬರೆದಿರುತ್ತದೆ. ನನಗೆ ಬಂದ ಡಬ್ಬಿಯ ಪಿನ್, ಹಳೆಯ ರಿವೆಟ್ ತಲೆಯನ್ನು ಪೂರ್ತಿ ಉಜ್ಜಿ ತೆಗೆದ ಮೇಲೂ ಮೊದಲ ಲಿಂಕಿಗೇ ಬಾಗಿತು. ಕಬ್ಬಿಣ ಮೆತ್ತಗಿನದು, ಅಷ್ಟೇ. ವಾಪಸ್ ಕಳಿಸಿ, ಅದರ ಮೂರು ಪಟ್ಟು ಬೆಲೆಯ, ದಪ್ಪ ಬಾಡಿಯ, ಬಿಡಿ ಪಿನ್ ಬೇರೆಯಾಗಿ ಸಿಗುವ ಇನ್ನೊಂದು ತರಿಸಿದೆ. ಅದು ಚೆನ್ನಾಗಿದೆ. ಆದರೆ ಯೋಚನೆ ಮಾಡಿ ನೋಡಿದರೆ ಅದರ ಬಿಚ್ಚುವ ಭಾಗ ನಮಗೆ ಹೆಚ್ಚು ಬೇಕಾಗುವುದೇ ಇಲ್ಲ. ಹಳೆಯ ಚೈನ್ ಹೇಗೂ ಗುಜರಿಗೆ ಹೋಗುವುದು, ನಾಲ್ಕು ಇಂಚಿನ ಗ್ರೈಂಡರ್ ಇದ್ದರೆ ಒಂದು ನಿಮಿಷದಲ್ಲಿ ಕತ್ತರಿಸಬಹುದು. ಟೈರಿಗೆ ಕಿಡಿ ತಾಗದಂತೆ ಒದ್ದೆ ಗೋಣಿಚೀಲ ಮುಚ್ಚಿ, ಕಣ್ಣಿಗೆ ಕನ್ನಡಕ ಹಾಕಿ, ಹತ್ತಿರ ಪೆಟ್ರೋಲ್ ಇಡಬೇಡಿ. ಹೊಸ ಚೈನ್ ನಿಮ್ಮ ಬೈಕಿನ ಸೆಟ್ ಆಗಿ ಬಂದರೆ ಲಿಂಕ್ ಲೆಕ್ಕ ಸರಿಯಾಗೇ ಇರುತ್ತದೆ, ಕತ್ತರಿಸುವ ಕೆಲಸವೇ ಇಲ್ಲ. ಇನ್ನು ಜಾಯಿಂಟೇ ಇಲ್ಲದ ಚೈನ್ ಬಂದರೆ ಅದನ್ನು ಹಾಗೇ ಹಾಕಲು ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಬಿಚ್ಚಬೇಕು, ಅಂಥದ್ದನ್ನು ಗ್ಯಾರೇಜಿಗೇ ಬಿಡಿ.

ನಿಜವಾಗಿ ಬೇಕಾದ್ದು ಒತ್ತುವ ಮತ್ತು ರಿವೆಟ್ ಮಾಡುವ ಭಾಗ. ಹೊರಗಿನ ಪ್ಲೇಟನ್ನು ಜಾಸ್ತಿ ಒತ್ತಿದರೆ ಒಳಗೆ ಗ್ರೀಸ್ ಹಿಡಿದಿಡುವ ರಬ್ಬರ್ ಓ-ರಿಂಗ್ ಅಪ್ಪಚ್ಚಿ ಆಗಿ ಲಿಂಕ್ ಬಿಗಿಯಾಗುತ್ತದೆ, ಕಡಿಮೆ ಒತ್ತಿದರೆ ರಿವೆಟ್ ಕೂರುವುದಿಲ್ಲ. ಪಕ್ಕದ ಲಿಂಕಿನ ಅಗಲ ವರ್ನಿಯರ್‌ನಲ್ಲಿ ಅಳೆದು ಅಷ್ಟಕ್ಕೇ ನಿಲ್ಲಿಸಬೇಕು. ರಿವೆಟ್ ಆದ ಮೇಲೆ ಪಿನ್ನಿನ ತಲೆ ಮೊದಲಿಗಿಂತ ಸುಮಾರು ಅರ್ಧ ಮಿಲಿಮೀಟರ್ ಅಗಲ ಆಗಿರುತ್ತದೆ, ಸರಿಯಾದ ಅಂಕೆ ಚೈನ್ ಕಂಪನಿಯವರು ಕೊಟ್ಟಿರುತ್ತಾರೆ. ತಲೆಯಲ್ಲಿ ಬಿರುಕು ಕಂಡರೆ ಆ ಲಿಂಕ್ ಬಿಸಾಕಿ, ಹೊಸದು ಹಾಕಿ. ಈ ಕಾರಣಕ್ಕೆ ವರ್ನಿಯರ್ ಇಲ್ಲದೆ ರಿವೆಟ್ ಚೈನಿಗೆ ಕೈ ಹಾಕಲೇಬಾರದು ಅಂತೀನಿ.

ಹಿಂದಿನ ಚಕ್ರ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಇದ್ದರೆ ಬೇಡ. ಇಲ್ಲದಿದ್ದರೆ ತಗೊಳ್ಳಿ, ಆದರೆ ಸ್ವಿಂಗ್‌ಆರ್ಮ್ ಕೆಳಗೆ ರಬ್ಬರ್ ಕೊಡುವ ಜಾತಿಯದಾ, ಇಲ್ಲಾ ಅದಕ್ಕೆ ಹಾಕಿದ ಗುಂಡಿಯಂಥ ಸ್ಪೂಲ್‌ಗೆ ಸಿಕ್ಕಿಸುವುದಾ ಅಂತ ನೋಡಿಕೊಂಡು ತಗೊಳ್ಳಿ. ನಮ್ಮ ಮನೆ ಅಂಗಳ ಇಳಿಜಾರು, ಮಣ್ಣು ನೆಲ, ಸ್ಟ್ಯಾಂಡಿನ ಚಕ್ರ ಹೂತುಹೋಗುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದವರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಕೊಯ್ಲು ಶುರುವಾಗುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ.

ಚೈನ್ ಸೆಟ್ ವಿಷಯಕ್ಕೆ ಬಂದರೆ, ಕೊಯಮತ್ತೂರಿನ ಎಲ್‌ಜಿಬಿಯವರ ರೋಲಾನ್, ಟಿಐ ಡೈಮಂಡ್, ಎರಡೂ ಇಲ್ಲಿ ಸಿಗುತ್ತವೆ. ಸ್ಪ್ಲೆಂಡರಿಗೆ ರೋಲಾನ್ ಹಾಕಿದೆ, ಹಲ್ಲು ಸಮವಾಗಿ ಸವೆಯುತ್ತಿದೆ. ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ಚಕ್ರ ಬಿಚ್ಚಿದಾಗ ಹಬ್ಬಿನೊಳಗಿನ ರಬ್ಬರ್ ತುಂಡುಗಳನ್ನೂ ನೋಡಿ, ಸಡಿಲ ಆಗಿದ್ದರೆ ಆಗಲೇ ಬದಲಿಸಿ. ತೊಳೆಯಲು ಡೀಸೆಲ್ ಅಥವಾ ಸೀಮೆಎಣ್ಣೆ ಸಾಕು, ಪೆಟ್ರೋಲ್ ಓ-ರಿಂಗನ್ನು ಹಾಳು ಮಾಡುತ್ತದೆ. ಆಮೇಲೆ 90 ಗ್ರೇಡ್ ಗೇರ್ ಆಯಿಲ್ ಹಚ್ಚಿ ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಮಣ್ಣು ಮತ್ತೆ ಅಂಟುತ್ತದೆ.

ಹೊಸ ಚೈನ್ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸಡಿಲ ಎಷ್ಟಿದೆ ನೋಡಿ ಮತ್ತೆ ಸರಿ ಮಾಡಬೇಕು, ಅದಕ್ಕೆ ಆಕ್ಸೆಲ್ ನಟ್ಟಿನ ಸ್ಪ್ಯಾನರ್ ಒಂದನ್ನು ಬೈಕಲ್ಲೇ ಇಟ್ಟುಕೊಂಡಿರಿ.