ಜೂನ್ 1ಕ್ಕೆ ಹುಟ್ಟಿದವರೇ, ನಿಮ್ಮ ಸಾಲದ ವರದಿ ಒಮ್ಮೆ ತೆಗೆಸಿ ನೋಡಿ

ಬಾಗಲಕೋಟೆ ಕಡೆಯ ಹಿರಿಯರಿಗೆ, ಅದರಲ್ಲೂ ಪಾಟೀಲ, ಬಡಿಗೇರ, ಹಿರೇಮಠ ಅಂತ ಅಡ್ಡಹೆಸರು ಇರುವವರಿಗೆ ಇದನ್ನು ಓದಿ ಹೇಳಿ. ನಮ್ಮ ಕಾಕಾ ಮಾಡದ ಟ್ರ್ಯಾಕ್ಟರ್ ಸಾಲವೊಂದು ಅವರ ಹೆಸರಿಗೆ ಬಂದು ಕೂತಿತ್ತು. ಅದೂ ಕಂತು ಬಾಕಿ ಇರುವ ಸಾಲ. ಗೊತ್ತಾಗಿದ್ದು ನವನಗರದಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ, ಸಾಲದ ವರದಿಯಲ್ಲಿ. ಯಾರ ಹೆಸರಲ್ಲಿ ಯಾವ ಸಾಲ ಇದೆ, ಕಂತು ಕಟ್ಟಿದ್ದಾರಾ ಅಂತ ತೋರಿಸುವ ದಾಖಲೆ ಅದು.

ಕಾಕಾ ಹಿಂದೆ ಒಂದು ಫೈನಾನ್ಸ್ ಕಂಪನಿಯಲ್ಲಿ ಬೈಕ್ ಸಾಲ ಮಾಡಿ, ತೀರಿಸಿ, ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಪತ್ರ) ಕೂಡ ತಂದಿದ್ದರು. ಆಮೇಲೆ ಆ ಕಂಪನಿಯವರು ಕಾಗದದ ಅರ್ಜಿ ಬಿಟ್ಟು ಟ್ಯಾಬ್ ಹಿಡಿದರು. ಆಧಾರ್ ಸ್ಕ್ಯಾನ್ ಮಾಡಿದರೆ ಹೆಸರು, ವಿಳಾಸ ತಾನೇ ತುಂಬಿಕೊಳ್ಳುತ್ತದೆ. ಕೈಯಲ್ಲಿ ಬರೆಯುವಾಗ ಆಗುವ ತಪ್ಪು ಇದರಿಂದ ಕಡಿಮೆಯಾಗುತ್ತದೆ, ಸುಳ್ಳಲ್ಲ. ಆದರೆ ಅದೇ ಸಾಫ್ಟ್‌ವೇರ್ ಬಂದವರು ಹಳೇ ಗ್ರಾಹಕರಾ ಅಂತಲೂ ಹುಡುಕುತ್ತದೆ. ಇಲ್ಲಿ ಅದು ನೋಡಿದ್ದು ಹೆಸರು ಮತ್ತು ಹುಟ್ಟಿದ ತಾರೀಖು, ಅಷ್ಟೇ.

ನಮ್ಮ ಕಡೆ ಆ ತಲೆಮಾರಿನ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದ್ದು, ಅಲ್ವಾ? ಶಾಲೆಗೆ ಹಾಕುವಾಗ ಮಾಸ್ತರು ಬರೆದುಕೊಂಡ ತಾರೀಖು ಅದು. ಪಕ್ಕದ ತಾಲ್ಲೂಕಿನ ಒಬ್ಬರಿಗೂ ಕಾಕಾರ ಹೆಸರೇ, ಅದೇ ಅಡ್ಡಹೆಸರು, ಅದೇ ಇಸವಿ, ಅದೇ ಜೂನ್ 1. ತಂದೆಯ ಹೆಸರು ಬೇರೆ, ಅದನ್ನು ಯಾರೂ ನೋಡಲಿಲ್ಲ. ಅವರು ಟ್ರ್ಯಾಕ್ಟರ್ ಸಾಲಕ್ಕೆ ಬಂದಾಗ ಸಾಫ್ಟ್‌ವೇರ್ ಅವರನ್ನೇ ಹಳೇ ಗ್ರಾಹಕ ಕಾಕಾ ಅಂದುಕೊಂಡಿತು, ಅವರ ಸಾಲದ ಫೈಲಿಗೆ ಕಾಕಾರ ಪ್ಯಾನ್ ನಂಬರ್ ಹೋಯಿತು. ಮೊಬೈಲ್ ನಂಬರ್ ಮಾತ್ರ ಆ ಪಕ್ಕದ ತಾಲ್ಲೂಕಿನವರದೇ. ಹೀಗಾಗಿ ಕಾಕಾಗೆ ಒಂದು ಮೆಸೇಜೂ ಬರಲಿಲ್ಲ.

ಬ್ರಾಂಚಿಗೆ ಹೋದರೆ, "ಸಿಸ್ಟಮ್ನ್ಯಾಗ ಹಂಗ ಬಂದೈತ್ರಿ, ನಮ್ಮ ಕೈಯಾಗ ಏನೂ ಇಲ್ಲ" ಅಂದರು. ಬರೆಯುವ ಗುಮಾಸ್ತ ಇದ್ದಾಗ ಕನಿಷ್ಠ ಬೈಯುವುದಕ್ಕೆ ಒಬ್ಬ ಮನುಷ್ಯನಾದರೂ ಇರುತ್ತಿದ್ದ.

ಆಮೇಲೆ ನಡೆದದ್ದನ್ನು ಗಮನಿಸಿ. ಮೊದಲು ಸಾಲದ ವರದಿ ಕೊಡುವ ಕಂಪನಿಗೆ ಆನ್‌ಲೈನ್ ದೂರು ಕೊಟ್ಟೆವು. ಸಾಲ ವರದಿಯಿಂದ ಹೋಯಿತು. ಸ್ವಲ್ಪ ದಿನಕ್ಕೆ ಮತ್ತೆ ಬಂತು! ಯಾಕಂದ್ರೆ 2025ರ ಜನವರಿಯಿಂದ ಸಾಲ ಕೊಟ್ಟವರು ಕನಿಷ್ಠ 15 ದಿನಕ್ಕೊಮ್ಮೆಯಾದರೂ ವರದಿ ಕಂಪನಿಗಳಿಗೆ ಲೆಕ್ಕ ಕಳಿಸಬೇಕು. ಫೈನಾನ್ಸ್ ಕಂಪನಿಯ ಕಂಪ್ಯೂಟರಿನಲ್ಲಿ ಪ್ಯಾನ್ ತಪ್ಪಾಗಿಯೇ ಇತ್ತು, ಅದೇ ತಪ್ಪು ಮತ್ತೆ ಹೋಯಿತು. ಹಾಗಾಗಿ ಸಾಲ ಕೊಟ್ಟವರಿಗೇ ಬರೆದು ಕೊಡಿ, "ಈ ಸಾಲದಿಂದ ನನ್ನ ಪ್ಯಾನ್ ತೆಗೆಯಿರಿ" ಅಂತ. ಸ್ವೀಕೃತಿ ಸಹಿ ಬಿಡಬೇಡಿ. ಎನ್‌ಒಸಿ, ಆಧಾರ್, ತಂದೆಯ ಹೆಸರಿರುವ ಯಾವುದಾದರೂ ದಾಖಲೆ ಜೊತೆಗಿರಲಿ.

ದೂರು ಕೊಟ್ಟು 30 ದಿನದೊಳಗೆ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2024ರ ಏಪ್ರಿಲ್‌ನಿಂದ. ಇದನ್ನು ಅರ್ಜಿಯಲ್ಲಿ ಬರೆದ ಮೇಲೇ ನಮ್ಮ ಫೈಲ್ ಅಲುಗಾಡಿದ್ದು. ಕಂಪನಿಯವರು ಅಷ್ಟಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ ಇದ್ದಾರೆ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

ಟ್ಯಾಬ್ ಹಿಡಿದು ಮನೆಗೆ ಬಂದವರು "ಒಟಿಪಿ ಹೇಳ್ರಿ" ಅಂತ ಅವಸರ ಮಾಡಿದರೆ, ಮೊದಲು ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿಕೊಳ್ಳಿ. ತಂದೆಯ ಹೆಸರು, ಪ್ಯಾನ್, ಮೊಬೈಲ್ ಮೂರನ್ನೂ ಓದಿ. ತಾನೇ ತುಂಬಿಕೊಂಡ ಪ್ಯಾನ್ ನಂಬರನ್ನು ಕೈಯಲ್ಲಿರುವ ಕಾರ್ಡ್ ಜೊತೆ ಒಂದೊಂದೇ ಅಕ್ಷರ ಹೋಲಿಸಿ.

ಇನ್ನು ವರದಿ. ಜನ ಎಲ್ಲವನ್ನೂ ಸಿಬಿಲ್ ಅಂತಾರೆ. ಆದರೆ ಸಿಬಿಲ್ ವರದಿ ಕೊಡುವ ಒಂದು ಕಂಪನಿ ಅಷ್ಟೇ; ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಕೂಡ ಇವೆ. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ. ನಾಲ್ಕನ್ನೂ ನೋಡಿ. ಕಾಕಾರ ಮನೆ ಸಾಲ ಇನ್ನೂ ಮಂಜೂರಾಗಿಲ್ಲ, ಒಂದು ವರದಿ ತಿದ್ದುವುದು ಬಾಕಿ ಇದೆ.